ಮಳೆಯಿಲ್ಲದ ರಾತ್ರಿ ಟೆಂಟಿನೊಳಗೆ ನೀರು ಎಲ್ಲಿಂದ ಬಂತು?

ಪ್ರಶ್ನೆ: ಸರ್, ನಾವು ಹಾಸನದವರು. ನಾನು, ಯಜಮಾನರು, 11 ಮತ್ತು 7 ವರ್ಷದ ಇಬ್ಬರು ಮಕ್ಕಳು. ಆನ್‌ಲೈನಿನಲ್ಲಿ 2,800 ರೂಪಾಯಿಗೆ ‘ನಾಲ್ಕು ಜನರ ಟೆಂಟು, 3,000 ಮಿ.ಮೀ. ವಾಟರ್‌ಪ್ರೂಫ್’ ಎಂದಿದ್ದದ್ದನ್ನು ತರಿಸಿದೆವು. ಅಕ್ಟೋಬರ್ ಕೊನೆಯಲ್ಲಿ ಸಕಲೇಶಪುರದ ಹತ್ತಿರ ನೆಂಟರ ಕಾಫಿ ತೋಟದಲ್ಲಿ, ಹಳ್ಳದ ಪಕ್ಕದ ಹುಲ್ಲಿನ ಮೇಲೆ ಹಾಕಿ ಮಲಗಿದೆವು. ರಾತ್ರಿ ಒಂದು ಹನಿ ಮಳೆ ಬರಲಿಲ್ಲ. ಚಳಿಯೆಂದು ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡಿದ್ದೆವು. ಬೆಳಗಿನ ಜಾವ ಮಗಳ ಮುಖದ ಮೇಲೆ ನೀರು ತೊಟ್ಟಿಕ್ಕಿತು. ಟಾರ್ಚು ಹಾಕಿ ನೋಡಿದರೆ ಚಾವಣಿಯೆಲ್ಲ ಹನಿ, ಸ್ಲೀಪಿಂಗ್ ಬ್ಯಾಗುಗಳ ಕಾಲಿನ ತುದಿ ಒದ್ದೆ, ಮೂಲೆಗಳಲ್ಲಿ ನೀರು ನಿಂತಿತ್ತು. ಅಂಗಡಿಯವರು “ಮಲೆನಾಡಿನ ಮಳೆಗೆ 3,000 ಎಲ್ಲಿ ಸಾಲುತ್ತೆ ಮೇಡಂ, 5,000ದ್ದು ತಗೊಳ್ಳಿ” ಅಂದರು. ಪರಿಚಯದ ಚಾರಣಿಗರೊಬ್ಬರು “ಫೋರ್ ಸೀಸನ್ ಟೆಂಟೇ ತಗೊಂಡುಬಿಡಿ, ಎಲ್ಲ ಕಾಲಕ್ಕೂ ಆಗುತ್ತೆ” ಅನ್ನುತ್ತಾರೆ. ನಮ್ಮ ಬಜೆಟ್ 15,000. ನಾವು ಹೋಗುವುದು ಕಾರಿನಲ್ಲಿ. ಡಿಸೆಂಬರಿನಲ್ಲಿ ಗೋಕರ್ಣದ ಕಡೆ ಹೋಗುವ ಯೋಚನೆಯಿದೆ. ನನ್ನ ತಮ್ಮ ಅದೇ ಟೆಂಟನ್ನು ಚಾರಣಕ್ಕೂ ಒಯ್ಯುತ್ತಾನಂತೆ. ಯಾವುದನ್ನು ಕೊಳ್ಳಲಿ? ಹಳೆಯದನ್ನು ಬಿಸಾಡಬೇಕೆ?

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ: ಮಳೆ ಬಂದಿಲ್ಲ, ಎಲ್ಲ ಮುಚ್ಚಿದ್ದಿರಿ, ಚಾವಣಿಯ ಉದ್ದಗಲಕ್ಕೂ ಹನಿ ಇತ್ತು. ಸೋರಿಕೆ ಹಾಗೆ ಬರುವುದಿಲ್ಲ. ಸೋರುವ ಟೆಂಟಿನಲ್ಲಿ ನೀರು ಹೊಲಿಗೆಯ ಗೆರೆಯಲ್ಲೋ, ಜಿಪ್ಪಿನ ಬುಡದಲ್ಲೋ, ಒಂದು ನಿರ್ದಿಷ್ಟ ಜಾಗದಲ್ಲೋ ಇಳಿಯುತ್ತದೆ. ನಿಮ್ಮ ಟೆಂಟಿನಲ್ಲಿ ಆದದ್ದು ಇಡ್ಲಿ ಪಾತ್ರೆಯ ಮುಚ್ಚಳದ ಕಥೆ. ಒಳಗಿನ ಹಬೆ ತಣ್ಣಗಿನ ಮುಚ್ಚಳಕ್ಕೆ ತಾಗಿ ಹನಿಯಾಗಿ ಇಡ್ಲಿಯ ಮೇಲೇ ಬಿದ್ದಿದೆ.

ಆ ಹಬೆ ನಿಮ್ಮದೇ. ಮಲಗಿರುವ ಒಬ್ಬ ವ್ಯಕ್ತಿಯ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಗೆ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂದರೆ ಮುಕ್ಕಾಲು ಲೀಟರಿಗೆ ಮೋಸವಿಲ್ಲ. ಒದ್ದೆ ಶೂ, ಕಾಲು ಒರೆಸಿದ ಟವೆಲ್ಲು ಒಳಗಿದ್ದರೆ ಅದೂ ಸೇರಿತು. ಇನ್ನು ಅಕ್ಟೋಬರಿನ ಮಲೆನಾಡಿನ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ. 18 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ. 90ರಷ್ಟಿದ್ದರೆ, ಯಾವುದೇ ವಸ್ತು ಬರೀ ಎರಡು ಡಿಗ್ರಿ ತಣ್ಣಗಾದರೂ ಅದರ ಮೇಲೆ ಹನಿ ಕೂರತೊಡಗುತ್ತದೆ. ಮೋಡವಿಲ್ಲದ ರಾತ್ರಿ ಟೆಂಟಿನ ತೆಳು ಬಟ್ಟೆ ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಬಯಲಲ್ಲಿ ನಿಲ್ಲಿಸಿದ ಕಾರಿನ ಚಾವಣಿ ಬೆಳಿಗ್ಗೆ ತೊಯ್ದಿದ್ದು, ಮರದ ಕೆಳಗಿನ ಕಾರು ಒಣಗಿರುವುದನ್ನು ನೀವು ನೋಡಿರುತ್ತೀರಿ. ಕಾರಣ ಅದೇ. ಸಾಲದ್ದಕ್ಕೆ ನೀವು ಹಳ್ಳದ ಪಕ್ಕ ಹಾಕಿದ್ದೀರಿ. ರಾತ್ರಿಯ ತಣ್ಣನೆ ಗಾಳಿ ಭಾರವಾಗಿ ಇಳಿದು ಬಂದು ನಿಲ್ಲುವುದೇ ಅಂಥ ತಗ್ಗಿನಲ್ಲಿ.

ಸ್ಲೀಪಿಂಗ್ ಬ್ಯಾಗಿನ ತುದಿ ಒದ್ದೆಯಾದದ್ದು ಅದು ಗೋಡೆಗೆ ತಾಗಿಕೊಂಡಿದ್ದರಿಂದ. ಮೂಲೆಯ ನೀರು ಇಳಿಜಾರಿನ ಬಟ್ಟೆಯ ಮೇಲಿಂದ ಜಾರಿ ಸೇರಿದ್ದು.

ಈಗ ಅಂಗಡಿಯವರ ಮಾತಿಗೆ ಬರೋಣ. 3,000 ಮಿ.ಮೀ. ಎನ್ನುವುದು ಮಳೆಯ ಅಳತೆಯಲ್ಲ. ಹಾಗಿದ್ದರೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಲ್ಲಿ ಯಾವ ಟೆಂಟೂ ನಿಲ್ಲುವಂತಿರಲಿಲ್ಲ! ಪ್ರಯೋಗಾಲಯದಲ್ಲಿ ಬಟ್ಟೆಯ ತುಂಡನ್ನು ಬಿಗಿದು, ಅದಕ್ಕೆ ನೀರಿನ ಒತ್ತಡ ಕೊಡುತ್ತ ಹೋಗುತ್ತಾರೆ. ಬಟ್ಟೆಯಲ್ಲಿ ಮೂರು ಕಡೆ ಹನಿ ಮೂಡುವ ಹೊತ್ತಿಗೆ ಆ ಒತ್ತಡ ಎಷ್ಟು ಎತ್ತರದ ನೀರಿನ ಕಂಬಕ್ಕೆ ಸಮವೋ, ಅದೇ ಈ ಸಂಖ್ಯೆ. ಮೇಲ್ಹೊದಿಕೆಗೆ 1,500ರಿಂದ 2,000 ಇದ್ದರೆ ನಮ್ಮ ಮಳೆಗೆ ಸಾಕು. ನೆಲದ ಬಟ್ಟೆಗೆ ಮಾತ್ರ 3,000 ಅಥವಾ ಹೆಚ್ಚು ಬೇಕು. ಏಕೆಂದರೆ ಒದ್ದೆ ನೆಲದ ಮೇಲೆ ನೀವು ಮಂಡಿಯೂರಿದಾಗ ಬೀಳುವ ಒತ್ತಡ ಮಳೆಹನಿಯದಕ್ಕಿಂತ ಎಷ್ಟೋ ಪಾಲು ದೊಡ್ಡದು. ಈ ಸಂಖ್ಯೆ ಹೊಸ ಬಟ್ಟೆಯದು ಎನ್ನುವುದೂ ನೆನಪಿರಲಿ. ಮಡಿಸಿ, ಬಿಸಿಲು ತಿಂದು, ಉಜ್ಜಿಸಿಕೊಂಡಂತೆ ಅದು ಇಳಿಯುತ್ತ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೀರನ್ನು ಹೊರಗೆ ತಡೆಯುವ ಲೇಪವೇ ಒಳಗಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ನಿಮ್ಮದರಂತೆಯೇ ಒಂಟಿ ಪದರದ, 5,000ದ ಟೆಂಟು ತಂದಿದ್ದರೂ ಅಂದು ನಿಮ್ಮ ಮಗಳ ಮುಖದ ಮೇಲೆ ಅಷ್ಟೇ ನೀರು ಬೀಳುತ್ತಿತ್ತು.

‘ಫೋರ್ ಸೀಸನ್’ ಕೂಡ ಹಾದಿ ತಪ್ಪಿಸುವ ಹೆಸರು. ಅಲ್ಲಿನ ನಾಲ್ಕನೆಯ ಸೀಸನ್ ಎಂದರೆ ಹಿಮ ಬೀಳುವ ಚಳಿಗಾಲ. ನಮ್ಮ ವರ್ಷ ಋತುವಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಹಿಮದ ಭಾರ ಮತ್ತು ಬಿರುಗಾಳಿ ತಡೆಯಲೆಂದು ಅವುಗಳಿಗೆ ಹೆಚ್ಚು ಕಡ್ಡಿ, ದಪ್ಪ ಬಟ್ಟೆ. ಹಿಮದ ಪುಡಿ ನುಗ್ಗಬಾರದೆಂದು ಜಾಲರಿ ಕಡಿಮೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಅದರೊಳಗೆ ಮಲಗಿದರೆ ಬೆವರಿನಲ್ಲಿ ಬೇಯುತ್ತೀರಿ. ತೂಕವೂ ಹೆಚ್ಚು, ದುಡ್ಡೂ ಹೆಚ್ಚು. ನಿಮಗೆ ಬೇಡ.

ನಿಮಗೆ ಬೇಕಾದದ್ದು ಎರಡು ಪದರ, ಪದರಗಳ ನಡುವೆ ಜಾಗ, ಮಲಗಿದಾಗ ಕಾಲಾಚೆಗೆ ಇನ್ನಷ್ಟು ಜಾಗ.

ಎರಡು ಪದರದ ಟೆಂಟಿನಲ್ಲಿ ಒಳಗಿನದು ಜಾಲರಿ ಅಥವಾ ಗಾಳಿಯಾಡುವ ಬಟ್ಟೆ. ಹೊರಗಿನದು ನೀರು ತಡೆಯುವ ಮೇಲ್ಹೊದಿಕೆ. ನಿಮ್ಮ ಉಸಿರಿನ ಆವಿ ಜಾಲರಿಯನ್ನು ದಾಟಿ ಮೇಲ್ಹೊದಿಕೆಯ ಒಳಮೈಗೆ ತಾಗಿ ಹನಿಯಾಗುತ್ತದೆ. ಹನಿ ಅಲ್ಲಿಂದಲೇ ಜಾರಿ ಸೂರಿನ ನೀರಿನಂತೆ ಹೊರಗಿನ ನೆಲಕ್ಕೆ ಇಳಿಯುತ್ತದೆ. ಗಮನಿಸಿ, ಹನಿ ಕೂರುವುದು ನಿಂತಿಲ್ಲ, ಅದು ಬೀಳುವ ಜಾಗ ಬದಲಾಗಿದೆ ಅಷ್ಟೆ. ‘ಒಳಗೆ ಒಂದು ಹನಿಯೂ ಕೂರದ ಟೆಂಟು’ ಎಂದು ಯಾರಾದರೂ ಮಾರಿದರೆ ನಂಬಬೇಡಿ. ಎರಡು ಪದರದ ನಡುವೆ ಎಲ್ಲ ಕಡೆ ಕನಿಷ್ಠ ನಾಲ್ಕು ಬೆರಳಿನ ಅಂತರ ಇರಬೇಕು. ದುರಸ್ತಿಗೆ ಬರುವ ‘ಸೋರುವ’ ಟೆಂಟುಗಳಲ್ಲಿ ಬಹಳಷ್ಟಕ್ಕೆ ಇರುವ ಒಂದೇ ರೋಗವೆಂದರೆ ಬದಿಯ ಹಗ್ಗಗಳನ್ನು ಬಿಚ್ಚಿಯೇ ಇರುವುದಿಲ್ಲ, ಅವು ಪೊಟ್ಟಣದಲ್ಲಿ ಕಟ್ಟಿದ ಹಾಗೇ ಇರುತ್ತವೆ. ಹಗ್ಗ ಎಳೆದು ಕಟ್ಟದಿದ್ದರೆ ಮೇಲ್ಹೊದಿಕೆ ಜೋತು ಒಳ ಟೆಂಟಿಗೆ ಅಂಟಿಕೊಳ್ಳುತ್ತದೆ. ಅಂಟಿದ ಕಡೆ ನೀರು ಒಳಗೆ.

ಬಟ್ಟೆಯ ವಿಷಯಕ್ಕೆ ಬಂದರೆ, ಕಾರಿನಲ್ಲಿ ಹೋಗುವವರಿಗೆ ಪಾಲಿಯೆಸ್ಟರೇ ಒಳ್ಳೆಯದು. ನೈಲಾನ್ ಹಗುರ, ಗಟ್ಟಿ, ಆದರೆ ನೀರು ಕುಡಿದು ಹಿಗ್ಗುತ್ತದೆ; ಸಂಜೆ ತಬಲದಂತೆ ಬಿಗಿದದ್ದು ರಾತ್ರಿ ಹತ್ತಕ್ಕೆ ಜೋಲು ಬೀಳುತ್ತದೆ, ಎದ್ದು ಮತ್ತೆ ಬಿಗಿಯಬೇಕು. ಪಾಲಿಯೆಸ್ಟರಿಗೆ ಆ ತಂಟೆ ಬಹಳ ಕಡಿಮೆ, ಬಿಸಿಲನ್ನೂ ನೈಲಾನಿಗಿಂತ ಚೆನ್ನಾಗಿ ತಡೆಯುತ್ತದೆ.

‘ನಾಲ್ಕು ಜನರ ಟೆಂಟು’ ಎಂದರೆ ನಾಲ್ವರನ್ನು ಬೆಂಕಿಪೊಟ್ಟಣದ ಕಡ್ಡಿಗಳಂತೆ ಜೋಡಿಸಿದರೆ ಹಿಡಿಸುವ ಟೆಂಟು. ಸಾಮಾನ್ಯವಾಗಿ ಅದರ ನೆಲ 210 × 210 ಸೆಂ.ಮೀ. ಇರುತ್ತದೆ. ತಲೆಗೆ 52 ಸೆಂ.ಮೀ. ಬಂತು, ನಮ್ಮ ಸಿಂಗಲ್ ಮಂಚದ ಅಗಲವೇ 90. ಉದ್ದವೂ ಮೋಸ. ಗೋಡೆ ಇಳಿಜಾರಾಗಿರುವುದರಿಂದ, 5 ಅಡಿ 8 ಇಂಚಿನವರು, ಅಂದರೆ 173 ಸೆಂ.ಮೀ. ಎತ್ತರದವರು ಉಬ್ಬಿದ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿದರೆ ತಲೆಯೋ ಕಾಲೋ ಬಟ್ಟೆಗೆ ತಾಗುತ್ತದೆ. ನಿಮ್ಮ ನಾಲ್ವರಿಗೆ ಐದು ಅಥವಾ ಆರು ಜನರದೆಂದು ಮಾರುವ ಟೆಂಟು ಸರಿ: ನೆಲ ಸುಮಾರು 270 × 220 ಸೆಂ.ಮೀ., ನಡುವೆ 160 ಸೆಂ.ಮೀ.ಗೆ ಕಡಿಮೆಯಿಲ್ಲದ ಎತ್ತರ. ಮುಂದೆ ಮೇಲ್ಹೊದಿಕೆ ಚಾಚಿಕೊಂಡು ಒಂದು ಸಣ್ಣ ಜಗಲಿ ಸಿಗುವಂತಿರಬೇಕು. ಕೆಸರಿನ ಚಪ್ಪಲಿ, ಒದ್ದೆ ರೈನ್‌ಕೋಟು ಎಲ್ಲ ಅಲ್ಲಿ. ಮಲೆನಾಡಿನ ಮನೆಗೆ ಜಗಲಿ ಯಾಕೆ ಬೇಕೋ ಟೆಂಟಿಗೂ ಅದಕ್ಕೇ ಬೇಕು.

ನಿಮ್ಮ ಬಜೆಟ್ಟಿನಲ್ಲಿ ಈ ಅಳತೆಯ ಟೆಂಟಿಗೆ ಬರುವುದು ಫೈಬರ್‌ಗ್ಲಾಸ್ ಕಡ್ಡಿಗಳು. ಅಲ್ಯುಮಿನಿಯಂ ಮೇಲು, ಆದರೆ ದುಬಾರಿ. ಫೈಬರ್‌ಗ್ಲಾಸ್ ಕೆಟ್ಟದ್ದೇನಲ್ಲ, ದೊಡ್ಡ ಟೆಂಟಿಗೆ 9.5 ಮಿ.ಮೀ. ಅಥವಾ ಹೆಚ್ಚು ದಪ್ಪದ್ದನ್ನು ನೋಡಿ. ಕೆಡುವಾಗ ಅದು ಬಾಗಿ ನಿಲ್ಲುವುದಿಲ್ಲ, ಉದ್ದಕ್ಕೆ ಸೀಳುತ್ತದೆ, ಬಹುಮಟ್ಟಿಗೆ ಲೋಹದ ಜೋಡಣೆಯ ಬುಡದಲ್ಲೇ. ತುದಿಯನ್ನು ಜೋಡಣೆಯೊಳಗೆ ಪೂರ್ತಿ ಕೂರಿಸದೆ ಬಗ್ಗಿಸುವುದು ಇದಕ್ಕೆ ಕಾರಣ. ಒಳಗಿನ ಎಲಾಸ್ಟಿಕ್ ತಾನೇ ಎಳೆದುಕೊಳ್ಳಲಿ ಎಂದು ಕಡ್ಡಿಯನ್ನು ಗಾಳಿಯಲ್ಲಿ ಬೀಸುವುದನ್ನು ಮಕ್ಕಳಿಗೆ ಬಿಡಬೇಡಿ. ಒಂದೊಂದನ್ನೂ ಕೈಯಿಂದ ತಳ್ಳಿ ಕೂರಿಸಿ. ಸೀಳಿದ ಕಡ್ಡಿಯ ಚೂರು ಬೆರಳಿಗೆ ಮುಳ್ಳಿನಂತೆ ಹೊಕ್ಕುತ್ತದೆ. ಕಡ್ಡಿಗಿಂತ ತುಸು ಅಗಲದ, 12 ಸೆಂ.ಮೀ. ಉದ್ದದ ಲೋಹದ ಕೊಳವೆಯೊಂದು, ಒಂದು ಸುರುಳಿ ಟೇಪು ಚೀಲದಲ್ಲಿರಲಿ. ಸೀಳಿದ ಜಾಗದ ಮೇಲೆ ಕೊಳವೆ ಸರಿಸಿ ಎರಡೂ ತುದಿಗೆ ಟೇಪು ಸುತ್ತಿದರೆ ಆ ರಾತ್ರಿ ಕಳೆಯುತ್ತದೆ.

ಎಸೆದರೆ ಅರಳುವ ಪಾಪ್‌ಅಪ್ ಟೆಂಟುಗಳಿವೆ. ಕಾರಿಗೆ ಅನುಕೂಲ, ಮಕ್ಕಳಿಗೆ ತಮಾಷೆ. ಕೆಲವಕ್ಕೆ ಎರಡು ಪದರವೂ ಇರುತ್ತದೆ. ಆದರೆ ಜೋರು ಗಾಳಿಗೆ ಅವು ಮಣಿಯುತ್ತವೆ, ಕಡ್ಡಿ ಮುರಿದರೆ ಹಾದಿಯಲ್ಲಿ ದುರಸ್ತಿ ಕಷ್ಟ. ಮಡಿಸುವುದನ್ನು ಮನೆಯಲ್ಲಿ ಐದಾರು ಸಲ ಕಲಿಯದಿದ್ದರೆ ಹೊರಡುವ ದಿನ ದಂಪತಿಗಳಲ್ಲಿ ಜಗಳ ಖಂಡಿತ.

ಅಂಗಡಿಯಲ್ಲಿ ಟೆಂಟನ್ನು ಎತ್ತಿ ನಿಲ್ಲಿಸಿಯೇ ತೋರಿಸಲು ಹೇಳಿ, ಒಳಗೆ ಹೋಗಿ ಮಲಗಿ. ಮೇಲ್ಹೊದಿಕೆ ನೆಲದಿಂದ ಒಂದು ಗೇಣಿನೊಳಗೆ ಇಳಿಯಬೇಕು. ಟೋಪಿಯ ಹಾಗೆ ನೆತ್ತಿಯನ್ನಷ್ಟೇ ಮುಚ್ಚುವಂಥದ್ದು ನಿಮ್ಮ ಈಗಿನ ಟೆಂಟೇ, ಹೆಸರು ಬೇರೆ. ಮೇಲ್ಹೊದಿಕೆಯನ್ನು ತಿರುಗಿಸಿ ಒಳಮೈಯ ಹೊಲಿಗೆಗಳನ್ನು ನೋಡಿ. ಪ್ರತಿ ಹೊಲಿಗೆಯ ಮೇಲೂ ಪಾರದರ್ಶಕ ಪಟ್ಟಿ ಅಂಟಿಸಿರಬೇಕು. ಸೂಜಿ ಹೊಕ್ಕ ಒಂದೊಂದು ತೂತೂ ನೀರಿನ ದಾರಿ. ನೆಲದ ಬಟ್ಟೆ ಬಾನಿಯ ಅಂಚಿನಂತೆ ನಾಲ್ಕೂ ಕಡೆ 10ರಿಂದ 15 ಸೆಂ.ಮೀ. ಮೇಲೆ ಎದ್ದಿರಬೇಕು. ಗಾಳಿಕಿಂಡಿ ಎರಡಾದರೂ ಬೇಕು, ಮೇಲೊಂದು, ಕೆಳಗೊಂದು. ಜೊತೆಗೆ ಕೊಡುವ ಕಡ್ಡಿಯಂಥ ಗೂಟಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮುರಕಲ್ಲಿನ ನೆಲಕ್ಕೆ ಅವು ಮೊದಲ ಏಟಿಗೇ ಬಗ್ಗುತ್ತವೆ. 20 ಸೆಂ.ಮೀ.ಗಿಂತ ಉದ್ದದ ಗಟ್ಟಿ ಗೂಟ ಹತ್ತು-ಹನ್ನೆರಡು ಬೇರೆಯೇ ಕೊಳ್ಳಿ, ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಹೊಡೆಯಿರಿ.

ಖರ್ಚು ಮಾಡುವ ಮೊದಲು ಇನ್ನೊಂದು ದಾರಿಯಿದೆ. ಹಳೆಯ ಟೆಂಟಿನ ಮೇಲೆ ನೀವೇ ಎರಡನೆಯ ಪದರ ಕಟ್ಟಬಹುದು. ಅಡಿಕೆ, ಕಾಫಿ ಮುಚ್ಚಲು ಬಳಸುವ ಸಿಲ್ಪಾಲಿನ್ ಹಾಳೆ, 12 × 15 ಅಡಿಯದ್ದು, ಹಾಸನದ ಯಾವ ಕೃಷಿ ಸಾಮಗ್ರಿ ಅಂಗಡಿಯಲ್ಲೂ ಸಿಗುತ್ತದೆ. ಎರಡು ಮರಗಳ ನಡುವೆ ಗಟ್ಟಿ ಹಗ್ಗ ಬಿಗಿದು, ಹಾಳೆಯನ್ನು ಅದರ ಮೇಲೆ ಮಾಡಿನಂತೆ ಇಳಿಬಿಟ್ಟು ನಾಲ್ಕು ಮೂಲೆ ಕಟ್ಟಿ. ಟೆಂಟಿನ ನೆತ್ತಿಗೂ ಹಾಳೆಗೂ ಒಂದಡಿ ಅಂತರವಿರಲಿ. ಆಕಾಶಕ್ಕೆ ಶಾಖ ಬಿಡುವುದು ಈಗ ಹಾಳೆ. ಟೆಂಟಿನ ಬಟ್ಟೆ ಅಷ್ಟು ತಣ್ಣಗಾಗುವುದಿಲ್ಲ. ಮೇಲಿನ ಮಳೆಯ ಚಿಂತೆ ಇಲ್ಲದ್ದರಿಂದ ಕಿಟಕಿಗಳನ್ನು ಜಾಲರಿ ಮಾತ್ರ ಎಳೆದು ತೆರೆದಿಡಬಹುದು. ಇದರ ಅಪಾಯಗಳೂ ಇವೆ. ಮರದ ಕೆಳಗೆ ಮಲಗುವುದೆಂದರೆ ಒಣ ಕೊಂಬೆಯ ಕೆಳಗೆ ಮಲಗುವುದೂ ಆಗಬಹುದು. ತೋಟದ ಸಿಲ್ವರ್ ಓಕ್ ಕೊಂಬೆ ಗಾಳಿಗೆ ಸಲೀಸಾಗಿ ಮುರಿಯುತ್ತದೆ, ತೆಂಗಿನ ಮರದ ಬಗ್ಗೆ ಹೇಳಲೇಬೇಕಿಲ್ಲ. ಹಾಳೆ ಗಾಳಿಗೆ ಹಾಯಿಯಂತೆ ಉಬ್ಬುತ್ತದೆ, ಹಾಗಾಗಿ ಗೋಕರ್ಣದ ಕಡಲ ಬದಿಗೆ ಈ ಉಪಾಯ ಆಗದು.

ಎಲ್ಲಿ ಹಾಕುತ್ತೀರಿ ಎನ್ನುವುದು ಟೆಂಟಿನಷ್ಟೇ ಮುಖ್ಯ. ಹಳ್ಳದ ಮಟ್ಟದಿಂದ ಐದಾರು ಮೀಟರ್ ಏರಿನಲ್ಲಿ, ಸಣ್ಣಗೆ ಗಾಳಿ ಸುಳಿಯುವ ಕಡೆ ಹಾಕಿ. ಸುತ್ತ ಕಾಲುವೆ ತೋಡುವ ಹಳೆಯ ಪದ್ಧತಿ ಬೇಡ. ನೀರು ಹರಿದು ಬರುವ ಜಾಗವಾದರೆ ಕಾಲುವೆ ತಡೆಯುವುದಿಲ್ಲ, ಬರದ ಜಾಗವಾದರೆ ಕಾಲುವೆಯೇ ಬೇಕಿಲ್ಲ. ಟೆಂಟಿನ ಕೆಳಗೆ ಟಾರ್ಪಾಲು ಹಾಸುವಾಗ ಅದು ಟೆಂಟಿನ ನೆಲಕ್ಕಿಂತ ಎಲ್ಲ ಕಡೆ ಎರಡು-ಮೂರು ಇಂಚು ಚಿಕ್ಕದಿರಲಿ, ಉಳಿದದ್ದನ್ನು ಒಳಕ್ಕೆ ಮಡಿಸಿ. ಅಂಚು ಹೊರಗೆ ಇಣುಕಿದರೆ ಮೇಲ್ಹೊದಿಕೆಯಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನಿನ ಕೆಳಗೇ ತಂದು ನಿಲ್ಲಿಸುತ್ತದೆ. ಒಳ್ಳೆಯ ಟೆಂಟುಗಳನ್ನೂ ‘ಸೋರುವಂತೆ’ ಮಾಡುವ ತಪ್ಪು ಇದು.

ಚಳಿಗೆ ಏನು ಮಾಡುವುದು ಎಂದು ನೀವು ಕೇಳಬಹುದು. ಚಳಿ ಹೆಚ್ಚಾಗಿ ಬರುವುದು ಕೆಳಗಿನಿಂದ. 10 ಮಿ.ಮೀ. ಫೋಮ್ ಚಾಪೆ ಹಾಸಿ, ಟೋಪಿ, ಕಾಲುಚೀಲ ಹಾಕಿ ಕಿಂಡಿ ತೆರೆದು ಮಲಗಿ. ಅಗ್ಗಿಷ್ಟಿಕೆ, ಇದ್ದಿಲ ಕೆಂಡ, ಗ್ಯಾಸ್ ಸ್ಟವ್ ಯಾವುದನ್ನೂ ಟೆಂಟಿನೊಳಗೆ ಒಯ್ಯಬೇಡಿ, ‘ಸ್ವಲ್ಪ ಹೊತ್ತು ಬಿಸಿ ಮಾಡಿ ತೆಗೆಯುತ್ತೇವೆ’ ಎಂದೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬೆಂಕಿ ತಾಗಿದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ.

ನೀವು ಕೇಳದ ಒಂದು ವಿಷಯ ಹೇಳಬೇಕು. ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಆನೆ ಓಡಾಡುತ್ತವೆ, ಹಳ್ಳ ಅವುಗಳ ದಾರಿ. ಟೆಂಟಿನ ಬಟ್ಟೆ ಗೋಡೆಯಲ್ಲ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ರೆಸಾರ್ಟ್ ಒಂದರ ಟೆಂಟಿನಲ್ಲಿ ಉಳಿದಿದ್ದ ಪ್ರವಾಸಿಯೊಬ್ಬರು ಆನೆ ದಾಳಿಗೆ ಸತ್ತರು. ಆ ವಾರ ಆನೆ ಎಲ್ಲಿವೆ ಎಂದು ತೋಟದ ರೈಟರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ. ಅನುಮಾನವಿದ್ದರೆ ಟೆಂಟನ್ನು ಮನೆಯ ಅಂಗಳದಲ್ಲಿ ಹಾಕಿ. ಬಾಳೆ, ಹಲಸು ಒಳಗಿಟ್ಟುಕೊಂಡು ಮಲಗಬೇಡಿ.

ಗೋಕರ್ಣದ ಕಡೆ ಮೊದಲು ಅನುಮತಿ ವಿಚಾರಿಸಿ, ಖಾಸಗಿ ಜಾಗವಾದರೆ ಸಲೀಸು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದೂವರೆ ಅಡಿ ಆಳದಲ್ಲಿ ಹೂಳಿ. ಉಬ್ಬರದ ಗೆರೆ ಎಲ್ಲಿಯವರೆಗೆ ಬಂದಿದೆ ನೋಡಿಕೊಂಡು ಅದಕ್ಕಿಂತ ಸಾಕಷ್ಟು ಮೇಲೆ ಹಾಕಿ. ಮನೆಗೆ ಬಂದ ಮೇಲೆ ಜಿಪ್ಪು, ಕಡ್ಡಿಯ ಜೋಡಣೆಗಳನ್ನು ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು, ಮರಳು ಸೇರಿ ಜಿಪ್ಪನ್ನು ಒಂದೇ ಪ್ರವಾಸಕ್ಕೆ ಕೆಡಿಸುತ್ತವೆ.

ನಿಮ್ಮ ತಮ್ಮನಿಗೆ ಬೇರೆ ಟೆಂಟು ಬೇಕು. ಕುಟುಂಬದ ಟೆಂಟು ಆರೇಳು ಕಿಲೋ ತೂಗುತ್ತದೆ. ಇಬ್ಬರ ಚಾರಣದ ಟೆಂಟು ಎರಡೂವರೆ ಕಿಲೋ ಮೀರಬಾರದು. ಆತುರವೇನೂ ಬೇಡ. ನಮ್ಮ ಚಾರಣದ ದಾರಿಗಳು ಅನೇಕವು ಸಂರಕ್ಷಿತ ಅರಣ್ಯದೊಳಗಿವೆ, ಕುದುರೆಮುಖದಂಥ ಕಡೆ ಅನುಮತಿ ಹಗಲಿಗೆ ಮಾತ್ರ. ಹಿಮಾಲಯಕ್ಕೆ ಹೋದರೆ ಚಾರಣ ನಡೆಸುವವರೇ ಸಾಮಾನ್ಯವಾಗಿ ಟೆಂಟು ಕೊಡುತ್ತಾರೆ. ವರ್ಷಕ್ಕೆ ಒಂದೆರಡು ಸಲವಾದರೆ ಬಾಡಿಗೆಗೆ ತರುವುದೇ ಲಾಭ.

ಹಳೆಯದನ್ನು ಬಿಸಾಡಬೇಡಿ. ತಾರಸಿಯ ಮೇಲೆ ನಿಲ್ಲಿಸಿ, ಇಪ್ಪತ್ತು ನಿಮಿಷ ಪೈಪಿನಿಂದ ನೀರು ಬಿಟ್ಟು ಒಳಗಿನಿಂದ ನೋಡಿ. ಹೊಲಿಗೆಯಲ್ಲಿ ನೀರು ಇಣುಕಿದರೆ ಒಣಗಿಸಿ, ಹೊಲಿಗೆಯ ತೂತು ಮುಚ್ಚುವ ಪಾಲಿಯುರೆಥೇನ್ ಸೀಮ್ ಸೀಲರನ್ನು ಬ್ರಷ್‌ನಿಂದ ಹಚ್ಚಿ ಒಂದು ದಿನ ಬಿಡಿ. ಸಿಲಿಕೋನ್ ಹಚ್ಚಿದರೆ ಇಂಥ ಟೆಂಟಿನ ಬಟ್ಟೆಗೆ ಸಾಮಾನ್ಯವಾಗಿ ಇರುವ ಪಾಲಿಯುರೆಥೇನ್ ಲೇಪದ ಮೇಲೆ ಸರಿಯಾಗಿ ಹಿಡಿಯದೆ ಸುಲಿದು ಬರುತ್ತದೆ. ಮಕ್ಕಳು ಬೇಸಿಗೆಯಲ್ಲಿ ತಾರಸಿಯ ಮೇಲೆ ಮಲಗಲು ಅದು ಬೇಕಾದಷ್ಟು.

ಹೊಸದೋ ಹಳೆಯದೋ, ಒದ್ದೆ ಟೆಂಟನ್ನು ಚೀಲದಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಹೊರಗೆ ಒಣಗಿದಂತೆ ಕಂಡರೂ ಹೊಲಿಗೆ, ಜಿಪ್ಪಿನ ಪಟ್ಟಿ ಒದ್ದೆ ಇರುತ್ತವೆ. ನೆರಳಿನಲ್ಲಿ ಎರಡು ದಿನ ಹರವಿ. ಆಮೇಲೆ ಅದರ ಬಿಗಿ ಚೀಲದ ಬದಲು ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ತುಂಬಿ, ಕಾರಿನ ಡಿಕ್ಕಿಯಲ್ಲಲ್ಲ, ಮನೆಯೊಳಗೆ ತಂಪಾದ ಕಡೆ ಇಡಿ. ಸೆಕೆ ಮತ್ತು ತೇವ ಸೇರಿದರೆ ಲೇಪ ಒಡೆದು ಅಂಟಂಟಾಗುತ್ತದೆ, ಕೆಟ್ಟ ವಾಸನೆ ಬರುತ್ತದೆ, ಬಿಡಿಸಿದಾಗ ಬಟ್ಟೆಗೆ ಬಟ್ಟೆ ಕಚ್ಚಿಕೊಂಡು ಬರುತ್ತದೆ. ಬೂಷ್ಟನ್ನಾದರೂ ಸೋಪು ನೀರಿನಲ್ಲಿ ಒರೆಸಬಹುದು, ಆ ಅಂಟಿಗೆ ದುರಸ್ತಿಯಿಲ್ಲ.